ಓಲೆಗರಿಯ ಆಯುಸ್ಸು ಮತ್ತು ಗಾಳಿಯ ತೇವ: ಕೋಲಾರ ಸೀಮೆಯ ಕೆಲವು ನಿದರ್ಶನಗಳು

ಹಸ್ತಪ್ರತಿಗಳ ಅಧ್ಯಯನದಲ್ಲಿ ಲಿಪಿ, ಪಾಠಾಂತರ, ಪ್ರಶಸ್ತಿ, ಲಿಪಿಕಾರನ ಕಾಲದೇಶಗಳು ಇವಕ್ಕೆ ಸಂದಿರುವಷ್ಟು ಗಮನ ಹಸ್ತಪ್ರತಿಯನ್ನು ಸುತ್ತುವರಿದಿರುವ ಗಾಳಿಗೆ ಸಂದಿಲ್ಲ. ಆದರೆ ಒಂದು ಓಲೆಯ ಕಟ್ಟು ಎಂಟುನೂರು ವರ್ಷ ಬಾಳುವುದೋ, ಎಂಬತ್ತು ವರ್ಷಕ್ಕೇ ಪುಡಿಯಾಗುವುದೋ ಎಂಬುದನ್ನು ಬಹುಮಟ್ಟಿಗೆ ನಿರ್ಣಯಿಸುವುದು ಆ ಗಾಳಿಯಲ್ಲಿರುವ ನೀರಿನ ಅಂಶವೇ. ಈಚಿನ ದಶಕಗಳಲ್ಲಿ ಶಾಸ್ತ್ರಭಂಡಾರಗಳಿಗೆ ಶೈತ್ಯೋಪಕರಣಗಳನ್ನು ಅಳವಡಿಸುವ ಉತ್ಸಾಹ ಹೆಚ್ಚಿರುವುದರಿಂದ ಈ ವಿಚಾರವನ್ನು ಇತಿಹಾಸದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಅವಶ್ಯವಾಗಿದೆ. ತಂಪು ಮಾಡುವುದು ಬೇರೆ, ತೇವ ತೆಗೆಯುವುದು ಬೇರೆ. ಇವೆರಡನ್ನೂ ಒಂದೇ ಎಂದು ಭಾವಿಸಿದ ಕಡೆಗಳಲ್ಲಿ ಓಲೆಗಳಿಗೆ ಹಾನಿ ತಪ್ಪಿದ್ದಲ್ಲ.

ಮೊದಲಿಗೆ ಒಂದು ವಿರೋಧಾಭಾಸವನ್ನು ಗಮನಿಸಬೇಕು. ಗಂಗ ಅರಸರು ತಮ್ಮನ್ನು ಕುವಳಾಲಪುರವರೇಶ್ವರರೆಂದು ಕರೆದುಕೊಂಡರು. ಆ ಕುವಳಾಲವೇ ಇಂದಿನ ಕೋಲಾರ. ಗಂಗರಾಜ್ಯದ ಸ್ಥಾಪನೆಗೆ ಸಿಂಹನಂದಿ ಆಚಾರ್ಯರು ನೆರವಾದರೆಂದು ಶಾಸನಪರಂಪರೆ ಹೇಳುತ್ತದೆ. ವರ್ಷಕ್ಕೆ ಸುಮಾರು ೭೫೦ ಮಿಲಿಮೀಟರು ಮಳೆ ಬೀಳುವ, ತುಂಬಿ ಹರಿಯುವ ನದಿಯಿಲ್ಲದ, ಕೆರೆಗಳನ್ನೇ ನಂಬಿದ ಒಣ ಬಯಲು ಇದು. ಬಿ. ಎಲ್. ರೈಸ್ ಅವರು ೧೯೦೫ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟ ಈ ಜಿಲ್ಲೆಯ ಶಾಸನಗಳಿಗೇ ಮೀಸಲಾಗಿದೆ. ಇಲ್ಲಿ ಉಳಿದು ಬಂದದ್ದು ಮುಖ್ಯವಾಗಿ ಕಲ್ಲು, ತಾಮ್ರ. ಜೈನಾಗಮದ ಅಮೂಲ್ಯವಾದ ಓಲೆಗಳು ಉಳಿದು ಬಂದದ್ದಾದರೋ ಇದಕ್ಕೆ ತೀರ ವಿರುದ್ಧವಾದ ಹವೆಯಲ್ಲಿ, ವರ್ಷಕ್ಕೆ ಸುಮಾರು ೪೦೦೦ ಮಿಲಿಮೀಟರು ಮಳೆ ಸುರಿಯುವ ಮೂಡುಬಿದಿರೆಯಲ್ಲಿ. ವೀರಸೇನಾಚಾರ್ಯರು ಕ್ರಿ.ಶ. ೮೧೬ರಲ್ಲಿ ಮುಗಿಸಿದ ಧವಲಾ ಟೀಕೆ, ಅವರೂ ಜಿನಸೇನರೂ ಸೇರಿ ರಚಿಸಿ ೮೩೭ರಲ್ಲಿ ಪೂರ್ಣವಾದ ಜಯಧವಲಾ, ಭೂತಬಲಿಗಳ ಮಹಾಬಂಧ, ಇವುಗಳ ಪ್ರಾಚೀನ ಪ್ರತಿಗಳು ಹಳಗನ್ನಡ ಲಿಪಿಯಲ್ಲಿ ಅಲ್ಲಿಯ ಸಿದ್ಧಾಂತ ಬಸದಿಯಲ್ಲಿ ಮಾತ್ರ ಉಳಿದವು. ಅವುಗಳಲ್ಲಿ ಚಿತ್ರಸಹಿತವಾದ ಓಲೆಗಳು ೧೨ನೆಯ ಶತಮಾನದ ಆದಿಭಾಗಕ್ಕೆ ಸೇರಿದವು.

ಒಣ ನಾಡಿನಲ್ಲಿ ಓಲೆ ಉಳಿಯುತ್ತದೆ, ಹಸಿ ನಾಡಿನಲ್ಲಿ ಅಳಿಯುತ್ತದೆ ಎಂಬ ಸರಳ ಸೂತ್ರ ಇಲ್ಲಿ ಸಾಗುವುದಿಲ್ಲ. ಮೂಡುಬಿದಿರೆಯಲ್ಲಿ ಓಲೆಗಳು ಉಳಿಯಲು ಭಟ್ಟಾರಕ ಪೀಠದ ಸಂರಕ್ಷಣೆ, ಪೂಜ್ಯಭಾವ, ಮುಚ್ಚಿದ ಗರ್ಭಗೃಹ ಇವು ಮುಖ್ಯ ಕಾರಣಗಳೆಂಬುದು ನಿರ್ವಿವಾದ. ಹಾಗಿದ್ದೂ ಹವೆಯ ಪಾತ್ರವನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ. ದಪ್ಪ ಕಲ್ಲಿನ ಗೋಡೆಗಳ ನಡುವೆ, ಪೆಟ್ಟಿಗೆಯೊಳಗೆ, ಹಲಗೆಗಳ ಮಧ್ಯೆ, ಬಟ್ಟೆಯ ಸುತ್ತಿನಲ್ಲಿ ಬಿಗಿದಿಟ್ಟ ಓಲೆಗೆ ಹೊರಗಿನ ಮಳೆಯೂ ಬಿಸಿಲೂ ಬಹಳ ನಿಧಾನವಾಗಿ ತಲುಪುತ್ತವೆ. ಅಲ್ಲಿ ತೇವವಿತ್ತು, ನಿಜ; ಆದರೆ ಅದರ ಏರಿಳಿತ ಮಂದವಾಗಿತ್ತು. ಹಾನಿಯೇ ಆಗಲಿಲ್ಲವೆಂದು ಇದರ ಅರ್ಥವಲ್ಲ. ಮಹಾಬಂಧದ ಪ್ರತಿಯಲ್ಲಿ ತ್ರುಟಿತವಾದ ಓಲೆಗಳಿರುವುದು ವಿದ್ವಾಂಸರಿಗೆ ತಿಳಿದೇ ಇದೆ.

ಓಲೆ ಸತ್ತ ವಸ್ತುವಾದರೂ ಗಾಳಿಯೊಡನೆ ಅದರ ಕೊಡುಕೊಳೆ ನಿಲ್ಲುವುದಿಲ್ಲ. ತೇವ ಹೆಚ್ಚಿದಾಗ ಅದು ನೀರನ್ನು ಹೀರಿ ಅಡ್ಡಕ್ಕೆ ಹಿಗ್ಗುತ್ತದೆ. ತೇವ ತಗ್ಗಿದಾಗ ಬಿಟ್ಟುಕೊಟ್ಟು ಕುಗ್ಗುತ್ತದೆ. ಹಿಗ್ಗು ಕುಗ್ಗುಗಳು ಮತ್ತೆ ಮತ್ತೆ ನಡೆದರೆ ದಾರದ ರಂಧ್ರದ ಸುತ್ತ ಸೀಳು ಹುಟ್ಟುತ್ತದೆ, ಅಂಚು ಮುರಿಯುತ್ತದೆ. ಸಾಪೇಕ್ಷ ಆರ್ದ್ರತೆ, ಎಂದರೆ ಆಯಾ ಉಷ್ಣತೆಯಲ್ಲಿ ಗಾಳಿ ಹೊರಬಲ್ಲ ನೀರಿನಲ್ಲಿ ಅದು ವಾಸ್ತವವಾಗಿ ಹೊತ್ತಿರುವ ಪಾಲು, ಶೇಕಡ ೬೫-೭೦ನ್ನು ಮೀರಿ ಬಹುಕಾಲ ನಿಂತರೆ ಬೂಷ್ಟು ಏಳುತ್ತದೆ. ಶೇಕಡ ೪೦ಕ್ಕಿಂತ ಬಹಳ ಕೆಳಗಿಳಿದರೆ ಓಲೆ ಪೆಡಸಾಗಿ, ಬಿಡಿಸುವಾಗಲೇ ತುಂಡಾಗುತ್ತದೆ.

ಈ ‘ಸಾಪೇಕ್ಷ’ ಎಂಬ ಮಾತಿನಲ್ಲಿಯೇ ತೊಡಕಿರುವುದು. ೩೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಘನ ಮೀಟರು ಗಾಳಿ ಹೆಚ್ಚೆಂದರೆ ಸುಮಾರು ೩೦ ಗ್ರಾಂ ನೀರಾವಿಯನ್ನು ಹೊರಬಲ್ಲದು. ೨೦ ಡಿಗ್ರಿಯಲ್ಲಿ ಹೊರಬಲ್ಲುದು ಸುಮಾರು ೧೭ ಗ್ರಾಂ ಮಾತ್ರ. ೩೦ ಡಿಗ್ರಿಯಲ್ಲಿ ಶೇಕಡ ೬೦ ಆರ್ದ್ರತೆಯಿರುವ ಗಾಳಿಯಲ್ಲಿ ೧೮ ಗ್ರಾಂ ನೀರಿರುತ್ತದೆ. ಅದರಿಂದ ನೀರನ್ನು ತೆಗೆಯದೆ ೨೦ ಡಿಗ್ರಿಗೆ ತಂಪು ಮಾಡಿದರೆ ಗಾಳಿ ಪೂರ್ಣವಾಗಿ ತೊಯ್ದು, ಮಿಕ್ಕ ನೀರು ಇಬ್ಬನಿಯಾಗಿ ಇಳಿಯುತ್ತದೆ. ಓಲೆಗಳಿಗೆ ಹಿತವಾಗಿದ್ದ ಕೋಣೆ ಕೇವಲ ತಂಪಾದುದರಿಂದಲೇ ಅವುಗಳಿಗೆ ವಿಷವಾಯಿತು.

ಗಾಳಿಯ ನಿಯಂತ್ರಣವೆಂಬ ಆಧುನಿಕ ವಿದ್ಯೆ ಹುಟ್ಟಿದ್ದು ಮನುಷ್ಯನ ಸೌಖ್ಯಕ್ಕಾಗಿ ಅಲ್ಲ, ಕಾಗದಕ್ಕಾಗಿ. ಈ ಸಂಗತಿ ಗ್ರಂಥಪ್ರಿಯರಿಗೆ ಸ್ವಾರಸ್ಯಕರವಾಗಿ ತೋರೀತು. ೧೯೦೨ರ ಜುಲೈ ತಿಂಗಳಲ್ಲಿ ಅಮೆರಿಕದ ಬ್ರೂಕ್ಲಿನ್ನಿನ ಒಂದು ಮುದ್ರಣಾಲಯಕ್ಕಾಗಿ ವಿಲ್ಲಿಸ್ ಕ್ಯಾರಿಯರ್ ಎಂಬ ತರುಣ ಎಂಜಿನಿಯರು ಒಂದು ಯೋಜನೆಯನ್ನು ಸಿದ್ಧಪಡಿಸಿದ. ಬೇಸಿಗೆಯ ತೇವದಿಂದ ಕಾಗದ ಹಿಗ್ಗಿ, ಒಂದರ ಮೇಲೊಂದು ಅಚ್ಚಾಗಬೇಕಾದ ಬಣ್ಣಗಳು ಸರಿಯಾಗಿ ಕೂಡುತ್ತಿರಲಿಲ್ಲ. ತಣ್ಣೀರು ಹರಿಯುವ ಕೊಳವೆಗಳ ಮೇಲೆ ಗಾಳಿಯನ್ನು ಹಾಯಿಸಿ ಅದರ ನೀರನ್ನು ಇಳಿಸುವುದೇ ಅವನ ಉಪಾಯ. ಅಲ್ಲಿ ತಂಪು ಸಾಧನ, ಒಣಗು ಸಾಧ್ಯ. ಕಾಲಕ್ರಮದಲ್ಲಿ ಜನರು ಸಾಧನವನ್ನೇ ಸಾಧ್ಯವೆಂದು ತಿಳಿದರು.

ಅದಕ್ಕೆ ಕೆಲವೇ ದಿನಗಳ ಹಿಂದೆ, ೧೯೦೨ರ ಜೂನ್ ಕೊನೆಯಲ್ಲಿ, ಶಿವನಸಮುದ್ರದ ವಿದ್ಯುಚ್ಛಕ್ತಿ ಸುಮಾರು ೧೪೭ ಕಿಲೋಮೀಟರು ದೂರ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಎರಡು ಘಟನೆಗಳಿಗೂ ಸಂಬಂಧವಿಲ್ಲ. ಆದರೂ ಗಾಳಿಯ ತೇವದೊಡನೆ ಮನುಷ್ಯನು ನಡೆಸಿದ ಹೋರಾಟದ ಬಗೆಬಗೆಯ ರೂಪಗಳು ಮುಂದೆ ಒಟ್ಟಾಗಿ ಕಾಣುವುದು ಈ ಒಂದು ಜಿಲ್ಲೆಯಲ್ಲಿಯೇ. ಗಣಿಗಳು ೩೦೦೦ ಮೀಟರಿಗೂ ಆಳವಾಗಿ ಇಳಿದಾಗ ಬಂಡೆಯ ಉಷ್ಣತೆ ೬೦ ಡಿಗ್ರಿಯನ್ನು ದಾಟಿತು. ಅಲ್ಲಿ ಕೆಲಸಗಾರನನ್ನು ಕೊಲ್ಲುವುದು ಕೇವಲ ಬಿಸಿಯಲ್ಲ. ತೇವ ತುಂಬಿದ ಗಾಳಿಯಲ್ಲಿ ಬೆವರು ಆರುವುದಿಲ್ಲ. ಬೆವರು ಆರದೆ ದೇಹ ತಣಿಯುವುದಿಲ್ಲ. ಆದ್ದರಿಂದಲೇ ಗಾಳಿಯನ್ನು ಮೇಲಿನ ಯಂತ್ರಾಗಾರಗಳಲ್ಲಿ ತಂಪುಗೊಳಿಸಿ, ಹಾಗೆ ಮಾಡುವಾಗಲೇ ಅದರ ನೀರನ್ನು ಇಳಿಸಿ, ಆಳಕ್ಕೆ ಕಳುಹಿಸುತ್ತಿದ್ದರು. ೨೦೦೧ರಲ್ಲಿ ಗಣಿಗಾರಿಕೆ ನಿಂತಿತು.

ಗಣಿಯದು ದೊಡ್ಡ ಯಂತ್ರಗಳ ಕಥೆ. ಅದಕ್ಕಿಂತ ಹೆಚ್ಚು ಬೋಧಪ್ರದವಾದುದು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ರೇಷ್ಮೆಹುಳುವಿನ ಮನೆಗಳ ರೂಢಿ. ರೇಷ್ಮೆಯ ಉದ್ಯಮದಲ್ಲಿರುವ ಜೀವಹಾನಿ ಜೈನ ಓದುಗರಿಗೆ ಅಪ್ರಿಯವಾದುದೇ; ಪ್ರಕೃತ ಅದರ ಪ್ರಸ್ತಾಪ ಗಾಳಿಯ ವಿಚಾರಕ್ಕೆ ಮಾತ್ರ ಸೀಮಿತ. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ರೈತರು ಇದಕ್ಕೆ ‘ಜ್ವರಕ್ಕೆ ಕೂರುವುದು’ ಎನ್ನುತ್ತಾರೆ. ಮೊದಲ ಎರಡು ಹಂತಗಳ ಚಾಕಿ ಹುಳುವಿಗೆ ಶೇಕಡ ೮೦ರಿಂದ ೯೦ರಷ್ಟು ಆರ್ದ್ರತೆ ಬೇಕು. ಬೆಳೆದ ಹುಳುವಿಗೆ ೭೦-೭೫ ಸಾಕು. ಚಂದ್ರಿಕೆಯ ಮೇಲೆ ಗೂಡು ಕಟ್ಟುವಾಗ ೬೦-೬೫ಕ್ಕಿಂತ ಏರಕೂಡದು, ಏರಿದರೆ ಗೂಡಿನಿಂದ ನೂಲು ಸಲೀಸಾಗಿ ಬಿಚ್ಚುವುದಿಲ್ಲ. ಉಷ್ಣತೆ ಮಾತ್ರ ಈ ಅವಧಿಯಲ್ಲೆಲ್ಲ ಸುಮಾರು ೨೪ರಿಂದ ೨೮ ಡಿಗ್ರಿಯ ಆಸುಪಾಸಿನಲ್ಲಿಯೇ ಇರುತ್ತದೆ. ಎಂದರೆ ಒಂದೇ ಮನೆಯಲ್ಲಿ, ಹೆಚ್ಚುಕಡಮೆ ಒಂದೇ ಉಷ್ಣತೆಯಲ್ಲಿ, ತೇವವನ್ನು ಮಾತ್ರ ಹಂತಹಂತವಾಗಿ ಇಳಿಸಬೇಕು. ತಂಪನ್ನೂ ತೇವವನ್ನೂ ಬೇರೆ ಬೇರೆಯಾಗಿ ಆಳುವುದೆಂದರೆ ಇದೇ.

ಇದನ್ನು ರೈತರು ಸಾಧಿಸುವ ಬಗೆ ಸರಳವಾದುದು. ಬೇಸಿಗೆಯಲ್ಲಿ ಗಾಳಿ ಒಣಗಿದಾಗ ಕಿಟಕಿಗಳಿಗೆ ಒದ್ದೆ ಗೋಣಿತಾಟು ಕಟ್ಟುತ್ತಾರೆ. ಹುಳು ಜ್ವರಕ್ಕೆ ಕೂತಾಗ ಹಾಸಿಗೆಯ ಮೇಲೆ ಸುಣ್ಣದ ಪುಡಿಯನ್ನು ತೆಳ್ಳಗೆ ಉದುರಿಸುತ್ತಾರೆ. ಅದು ಹಿಪ್ಪುನೇರಳೆ ಸೊಪ್ಪಿನ ಮೇಲ್ಮೈಯ ತೇವವನ್ನು ಹೀರಿ ಹಾಸಿಗೆಯನ್ನು ಒಣಗಿಸುತ್ತದೆ. ೧೯೬೧ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆ ಹವೆಯ ಪ್ರಮಾಣಗಳನ್ನು ಅಂಕಿಗಳಲ್ಲಿ ತಿಳಿಸಿಕೊಟ್ಟಿತು. ಸುಣ್ಣದ ಗುಣವನ್ನು ಮಾತ್ರ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿರಲಿಲ್ಲ. ಸುಟ್ಟ ಸುಣ್ಣ ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗ ನೀರನ್ನು ಹಿಡಿದು ಅರಳುತ್ತದೆ; ನೂರು ಕಿಲೋ ಸುಣ್ಣಕ್ಕೆ ಮೂವತ್ತೆರಡು ಕಿಲೋ ನೀರು ಎಂಬುದು ರಸಾಯನದ ಲೆಕ್ಕ. ಹಾಸಿಗೆಗೆ ಹಾಕುವುದು ಅರಳಿದ ಸುಣ್ಣದ ಪುಡಿಯಾದುದರಿಂದ ಅದರ ಹೀರುವ ಶಕ್ತಿ ಇದಕ್ಕಿಂತ ಬಹಳ ಕಡಮೆ. ಆದರೆ ತತ್ತ್ವ ಒಂದೇ: ಗಾಳಿಯನ್ನು ತಣಿಸದೆಯೇ, ಒಂದು ಶೋಷಕ ದ್ರವ್ಯದಿಂದ ತೇವವನ್ನು ತೆಗೆಯಬಹುದು.

ಇದರ ಇನ್ನೊಂದು ಮುಖ ಕಾಣುವುದು ಮಾವಿನ ಹಣ್ಣಿನಲ್ಲಿ. ಶ್ರೀನಿವಾಸಪುರ ಮಾವಿಗೆ ಹೆಸರಾದ ಊರು. ಮಾವನ್ನು ಶೀತಗೃಹದಲ್ಲಿ ಇಡುವಾಗ ೧೨-೧೩ ಡಿಗ್ರಿ ಉಷ್ಣತೆಯೊಡನೆ ಶೇಕಡ ೮೫ರಿಂದ ೯೦ರಷ್ಟು ಆರ್ದ್ರತೆಯನ್ನು ಕಾಪಾಡಬೇಕು. ಇಲ್ಲವಾದರೆ ಹಣ್ಣು ಸುಕ್ಕುಗಟ್ಟುತ್ತದೆ. ಹಣ್ಣಿಗೆ ಹಿತವಾದ ಆ ಶೀತಗೃಹದಲ್ಲಿ ಒಂದು ಓಲೆಯ ಕಟ್ಟನ್ನು ಇಟ್ಟರೆ ಕೆಲವೇ ವಾರಗಳಲ್ಲಿ ಬೂಷ್ಟು ಹಿಡಿಯುವುದು ಖಂಡಿತ. ತಣ್ಣಗಿರುವ ಕೋಣೆ ಒಣ ಕೋಣೆಯಲ್ಲವೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ. ನೀರು ತೊಟ್ಟಿಕ್ಕಿಸಿ ಗಾಳಿ ಬೀಸುವ ಕೂಲರುಗಳನ್ನು ಕೆಲವು ಗ್ರಂಥಾಲಯಗಳಲ್ಲಿ ಓಲೆಗಳ ಕಪಾಟಿನ ಎದುರಿಗೇ ಇಟ್ಟಿರುವುದುಂಟು. ಓದುವವರಿಗೆ ಅದರಿಂದ ಹಿತವಾಗುತ್ತದೆ, ಓದಲ್ಪಡುವ ವಸ್ತುವಿಗೆ ಆಗುವುದಿಲ್ಲ.

ಒಣಗು ಅತಿಯಾದರೂ ಕೇಡೇ ಎಂಬುದನ್ನು ಮಾಲೂರಿನ ಹೆಂಚು ಇಟ್ಟಿಗೆಗಳ ಕೆಲಸ ತಿಳಿಸುತ್ತದೆ. ಹಸಿ ಹೆಂಚನ್ನು ಗೂಡಿಗೆ ಹಾಕುವ ಮೊದಲು ನೆರಳಿನಲ್ಲಿ ನಿಧಾನವಾಗಿ ಆರಿಸುತ್ತಾರೆ. ಬಿಸಿಲಿಗೆ ಹಾಕಿದರೆ ಮೇಲ್ಪದರ ಬೇಗ ಕುಗ್ಗಿ, ಒಳಪದರ ಹಿಂದುಳಿದು, ಬಿರುಕು ಬಿಡುತ್ತದೆ. ಓಲೆಯೂ ಹಾಗೆಯೇ. ಒದ್ದೆಯಾದ ಕಟ್ಟನ್ನು ಬಿಸಿಲಿಗೆ ಹರಡುವ ಅಭ್ಯಾಸ ಇನ್ನೂ ಕೆಲವೆಡೆ ಉಳಿದಿದೆ.

ಶೋಷಕ ದ್ರವ್ಯಗಳ ಆಧುನಿಕ ಇತಿಹಾಸ ದೀರ್ಘವಾದುದಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವಾಲ್ಟರ್ ಪ್ಯಾಟ್ರಿಕ್ ಸಿಲಿಕಾ ಜೆಲ್ ತಯಾರಿಸುವ ವಿಧಾನವನ್ನು ರೂಪಿಸಿದ. ಇದು ಮರಳಿನ ಬಂಧುವಾದರೂ, ಒಳಗೆಲ್ಲ ಕಣ್ಣಿಗೆ ಕಾಣದ ರಂಧ್ರಗಳಿಂದ ತುಂಬಿರುವುದರಿಂದ ತನ್ನ ತೂಕದ ಕಾಲುಭಾಗಕ್ಕೂ ಮಿಕ್ಕಿ ನೀರನ್ನು ಹಿಡಿದಿಡಬಲ್ಲದು. ಸುಣ್ಣಕ್ಕಿಂತ ಇದರ ಹಿರಿಮೆಯೆಂದರೆ, ಹೀರಿದ ನೀರನ್ನು ಕಾಯಿಸಿದಾಗ ಬಿಟ್ಟುಕೊಟ್ಟು ಮತ್ತೆ ಮೊದಲಿನಂತಾಗುತ್ತದೆ. ಈ ಗುಣವನ್ನೇ ಆಧರಿಸಿ ೧೯೫೫ರಲ್ಲಿ ಪೆನ್ನಿಂಗ್ಟನ್ ಎಂಬಾತ ತಿರುಗುವ ಚಕ್ರದ ವಿಧಾನಕ್ಕೆ ಹಕ್ಕುಪತ್ರ ಪಡೆದ. ಶೋಷಕವನ್ನು ಹೊತ್ತ ಚಕ್ರ ನಿಧಾನವಾಗಿ ಸುತ್ತುತ್ತದೆ. ಅದರ ಒಂದು ಪಾರ್ಶ್ವದಲ್ಲಿ ಹಸಿ ಗಾಳಿ ಹಾಯ್ದು ಒಣಗುತ್ತದೆ. ಇನ್ನೊಂದು ಪಾರ್ಶ್ವದಲ್ಲಿ ಬಿಸಿ ಗಾಳಿ ಹಾಯ್ದು ಚಕ್ರವನ್ನು ಒಣಗಿಸುತ್ತದೆ. ನೀರು ಅಂಟುವಾಗ ಶಾಖ ಹುಟ್ಟುವುದರಿಂದ ಒಣಗಿದ ಗಾಳಿ ಬಿಸಿಯಾಗಿಯೇ ಹೊರಬರುತ್ತದೆ. ಒಂದು ಕಿಲೋ ಗಾಳಿಯಿಂದ ೫ ಗ್ರಾಂ ನೀರು ತೆಗೆದರೆ ಅದರ ಉಷ್ಣತೆ ೧೨ ಡಿಗ್ರಿಗೂ ಹೆಚ್ಚು ಏರುತ್ತದೆ. ಆಮೇಲೆ ಅದನ್ನು ಬೇರೊಂದು ಉಪಕರಣದಿಂದ ತಣಿಸಬೇಕು.

ಇದು ಸುತ್ತುಬಳಸಿನ ದಾರಿಯೆಂದು ತೋರಬಹುದು. ಆದರೆ ದೊಡ್ಡ ಕಟ್ಟಡಗಳಲ್ಲಿ ಇದಕ್ಕೆ ಮಹತ್ವ ಬಂದದ್ದು ಇನ್ನೊಂದು ದಾರಿ ಅದಕ್ಕಿಂತ ದುಬಾರಿಯಾದ್ದರಿಂದ. ಸಾಮಾನ್ಯ ಶೈತ್ಯೋಪಕರಣ ತೇವ ತೆಗೆಯಬೇಕಾದರೆ ಗಾಳಿಯನ್ನು ಇಬ್ಬನಿ ಇಳಿಯುವಷ್ಟು ತಣ್ಣಗೆ ಮಾಡಬೇಕು. ಅಷ್ಟು ತಣ್ಣನೆಯ ಗಾಳಿ ಕೋಣೆಗೆ ಸಲ್ಲದಾದ್ದರಿಂದ ಮತ್ತೆ ಕಾಯಿಸಬೇಕು. ಒಂದೇ ಗಾಳಿಗೆ ಎರಡು ಬಾರಿ ಶಕ್ತಿಯ ವ್ಯಯ. ಶೋಷಕ ಚಕ್ರಕ್ಕೆ ಬೇಕಾದ ಶಾಖವನ್ನಾದರೋ ಬಿಸಿಲಿನಿಂದಲೂ ಯಂತ್ರಗಳ ವ್ಯರ್ಥ ಶಾಖದಿಂದಲೂ ಪಡೆಯಬಹುದು. ಔಷಧಿ ತಯಾರಿಕೆಯ ಕೋಣೆಗಳು, ಶೀತಗೃಹಗಳ ಮುಂಗೋಣೆಗಳು, ಆಸ್ಪತ್ರೆ, ಹೋಟೆಲು, ದೊಡ್ಡ ಅಂಗಡಿಗಳು ಹೀಗೆ ಇದರ ಬಳಕೆ ಹರಡಿತು.

ಕೋಲಾರ ತಾಲ್ಲೂಕಿನ ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ೨೦೧೩ರಲ್ಲಿ ಹೋಂಡಾ ದ್ವಿಚಕ್ರವಾಹನಗಳ ಕಾರ್ಖಾನೆಯೂ, ೨೦೨೦ರಲ್ಲಿ ವಿಸ್ಟ್ರಾನ್ ಕಂಪನಿಯ ದೂರವಾಣಿ ಜೋಡಣೆಯ ಕಾರ್ಖಾನೆಯೂ ಕೆಲಸ ಆರಂಭಿಸಿದವು. ಎರಡನೆಯದು ಮುಂದೆ ಟಾಟಾ ಸಮೂಹದ ಕೈಸೇರಿತು. ಇಲೆಕ್ಟ್ರಾನಿಕ್ ಉದ್ಯಮದಲ್ಲಿ ತೇವದ ಭಯ ಎಲ್ಲೆಡೆಯೂ ಒಂದೇ. ಬಿಡಿಭಾಗಗಳ ಪ್ಲಾಸ್ಟಿಕ್ ಹೊದಿಕೆ ಗಾಳಿಯ ತೇವವನ್ನು ಹೀರಿದ್ದರೆ, ಬೆಸುಗೆಯ ಒಲೆಯಲ್ಲಿ ಅದು ಉಗಿಯಾಗಿ ಉಬ್ಬಿ ಹೊದಿಕೆಯನ್ನು ಸೀಳುತ್ತದೆ. ಗಾಳಿ ತೀರ ಒಣಗಿದರೆ ಸ್ಥಿರವಿದ್ಯುತ್ತು ಹುಟ್ಟಿ ಸೂಕ್ಷ್ಮ ಭಾಗಗಳನ್ನು ಸುಡುತ್ತದೆ. ಆದ್ದರಿಂದ ಬಿಡಿಭಾಗಗಳನ್ನು ಸಿಲಿಕಾ ಜೆಲ್ ಇಟ್ಟ ಚೀಲಗಳಲ್ಲಿ ಮುಚ್ಚಿಡುವುದೂ, ಜೋಡಣೆಯ ಕೋಣೆಗಳ ಆರ್ದ್ರತೆಯನ್ನು ಸಾಮಾನ್ಯವಾಗಿ ಶೇಕಡ ೪೦ರಿಂದ ೬೦ರ ನಡುವೆ ಹಿಡಿದಿಡುವುದೂ ಈ ಉದ್ಯಮದ ರೂಢಿ. ಶ್ರೀತಾಳದ ಓಲೆಗೆ ಬೇಕಾದ ಹವೆ ಹೆಚ್ಚುಕಡಮೆ ಇದೇ. ೧೯೭೮ರಲ್ಲಿ ಗ್ಯಾರಿ ಥಾಮ್ಸನ್ ವಸ್ತುಸಂಗ್ರಹಾಲಯಗಳ ಹವೆಯನ್ನು ಕುರಿತು ಪ್ರಕಟಿಸಿದ ಗ್ರಂಥದ ತರುವಾಯ ಶೇಕಡ ೫೦-೫೫ರ ಸುತ್ತಣ ಸ್ಥಿರವಾದ ಆರ್ದ್ರತೆಯನ್ನು ಬಹುಮಂದಿ ಸಂರಕ್ಷಕರು ಆದರ್ಶವೆಂದು ಹಿಡಿದರು. ಉಷ್ಣದೇಶಗಳಿಗೆ ಇದು ತುಸು ಬಿಗಿಯಾದ ನಿಯಮವೇ ಎಂಬ ಅಭಿಪ್ರಾಯ ಈಚೆಗೆ ಬಲವಾಗಿದೆ. ಅಂಕಿಗಿಂತ ಸ್ಥಿರತೆ ಮುಖ್ಯವೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಪ್ರಾಚೀನ ಭಂಡಾರಗಳ ಕ್ರಮವನ್ನು ಈ ಬೆಳಕಿನಲ್ಲಿ ಮತ್ತೆ ನೋಡಿದರೆ ಅದರ ವಿವೇಕ ಸ್ಪಷ್ಟವಾಗುತ್ತದೆ. ಪ್ರತಿಗಳ ಕೊನೆಯಲ್ಲಿ ಲಿಪಿಕಾರರು ಗ್ರಂಥವನ್ನು ನೀರಿನಿಂದಲೂ ಎಣ್ಣೆಯಿಂದಲೂ ಸಡಿಲ ಕಟ್ಟಿನಿಂದಲೂ ಕಾಪಾಡಬೇಕೆಂದು ಬೇಡಿಕೊಳ್ಳುವುದು ಸರ್ವವಿದಿತ. ಸಡಿಲ ಕಟ್ಟನ್ನು ನೀರಿನ ಜೊತೆಗೇ ಏಕೆ ಹೇಳಿದರು? ಓಲೆಗಳು ಚೆದರಬಾರದೆಂಬುದು ಒಂದು ಕಾರಣವಾದರೆ, ಬಿಗಿಯಾದ ಕಟ್ಟಿನ ಒಳಕ್ಕೆ ಹಸಿ ಗಾಳಿ ಸುಲಭವಾಗಿ ನುಗ್ಗದೆಂಬುದು ಇನ್ನೊಂದು. ನೂರಾರು ಓಲೆಗಳ ಬಿಗಿದ ಕಟ್ಟು ತಾನೇ ಒಂದು ಶೋಷಕ. ಹೊರ ಓಲೆಗಳು ಒಳ ಓಲೆಗಳಿಗೆ ಕವಚ. ಹೊಸ ಭಂಡಾರಗಳಲ್ಲಿ ಕಟ್ಟುಗಳನ್ನು ಬಿಚ್ಚಿ, ಬಿಡಿಬಿಡಿಯಾಗಿ ಲೋಹದ ಕಪಾಟುಗಳಲ್ಲಿ ಹರಡಿಡುವಾಗ ಈ ಕವಚ ನಷ್ಟವಾಗುತ್ತದೆಂಬುದನ್ನು ಮರೆಯಬಾರದು. ಜೈಸಲ್ಮೇರಿನ ಜಿನಭದ್ರಸೂರಿ ಜ್ಞಾನಭಂಡಾರ ಕೋಟೆಯ ದೇವಾಲಯದ ನೆಲಮಾಳಿಗೆಯಲ್ಲಿರುವುದೂ ಸ್ಥಿರವಾದ ಹವೆಗೆ ಅನುಕೂಲವಾಯಿತು.

ಪರ್ವದಿನಗಳ ವಿಚಾರವೂ ಹೀಗೆಯೇ. ಷಟ್ಖಂಡಾಗಮದ ಪೂರ್ಣತೆಯ ನೆನಪಿಗಾಗಿ ದಿಗಂಬರರು ಆಚರಿಸುವ ಶ್ರುತಪಂಚಮಿ ಜ್ಯೇಷ್ಠ ಶುಕ್ಲ ಪಂಚಮಿಯಂದು, ಕರಾವಳಿಗೆ ಮುಂಗಾರು ಬರುವ ಹೊತ್ತಿಗೆ ಬೀಳುತ್ತದೆ. ಶ್ವೇತಾಂಬರರ ಜ್ಞಾನಪಂಚಮಿ ಕಾರ್ತಿಕ ಶುಕ್ಲ ಪಂಚಮಿಯಂದು, ಗುಜರಾತ ರಾಜಸ್ಥಾನಗಳಲ್ಲಿ ಮಳೆ ತೀರಿದ ಮೇಲೆ. ಗ್ರಂಥಗಳನ್ನು ಹೊರತೆಗೆದು, ಧೂಳು ಒರಸಿ, ಹೊಸ ವಸ್ತ್ರ ಸುತ್ತಿ, ಪೂಜಿಸಿ ಮತ್ತೆ ಕಟ್ಟುವ ಈ ದಿನಗಳು ಭಂಡಾರಕ್ಕೆ ವಾರ್ಷಿಕ ಪರೀಕ್ಷೆಯ ದಿನಗಳೂ ಆಗಿದ್ದವು. ಆದರೆ ಕೋಲಾರ ಸೀಮೆಯಲ್ಲಿ ಮಳೆ ಹೆಚ್ಚಾಗಿ ಬೀಳುವುದು ಭಾದ್ರಪದ ಆಶ್ವಯುಜಗಳಲ್ಲಿ, ಕೆಲವೊಮ್ಮೆ ಕಾರ್ತಿಕದಲ್ಲಿಯೂ. ಅಲ್ಲಿ ಕಾರ್ತಿಕ ಪಂಚಮಿಯಂದು ಕಟ್ಟು ಬಿಚ್ಚಿದರೆ ಹಸಿ ಗಾಳಿಗೇ ಬಿಚ್ಚಿದಂತಾದೀತು. ಪೂಜೆ ಆ ದಿನವೇ ನಡೆದರೂ, ಓಲೆಗಳನ್ನು ಗಾಳಿಗೆ ಹಿಡಿಯುವ ಕೆಲಸಕ್ಕೆ ದೇಶಕಾಲಗಳನ್ನು ನೋಡಿಕೊಳ್ಳಬೇಕು.

ಜೈನ ದೃಷ್ಟಿಯಿಂದ ಇಲ್ಲಿ ಇನ್ನೊಂದು ಮಾತು ಪ್ರಸ್ತುತ. ಬೂಷ್ಟು ಸಾಧಾರಣ ವನಸ್ಪತಿಕಾಯದಲ್ಲಿ ಗಣಿತವಾದುದು, ಅನಂತ ಜೀವಗಳ ಆಶ್ರಯ. ಬೂಷ್ಟು ಬಂದ ಮೇಲೆ ಥೈಮಾಲ್ ಮೊದಲಾದ ದ್ರವ್ಯಗಳ ಹೊಗೆಯಿಂದ ಅದನ್ನು ಕೊಲ್ಲುವುದು ಇಪ್ಪತ್ತನೆಯ ಶತಮಾನದ ಭಂಡಾರಗಳಲ್ಲಿ ರೂಢಿಯಾಯಿತು. ಗಾಳಿಯನ್ನು ಮೊದಲೇ ಹದವಾಗಿ ಒಣಗಿಸಿಟ್ಟರೆ ಬೂಷ್ಟು ಹುಟ್ಟುವುದೇ ಇಲ್ಲ. ಕೊಲ್ಲುವ ಪ್ರಸಂಗವೂ ಬರುವುದಿಲ್ಲ. ಗ್ರಂಥರಕ್ಷಣೆಗೂ ವ್ರತಕ್ಕೂ ಇಲ್ಲಿ ವಿರೋಧವಿಲ್ಲ.

ಈ ಕಾಲದ ಮುಖ್ಯ ಅಪಾಯ ಹಗಲು ನಡೆದು ರಾತ್ರಿ ನಿಲ್ಲುವ ಶೈತ್ಯೋಪಕರಣ. ೨೦೦೩ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನ ಆರಂಭವಾದಂದಿನಿಂದ ಸಂರಕ್ಷಣೆಯ ಕಡೆಗೆ ದೃಷ್ಟಿ ಹೆಚ್ಚಿದೆ. ಜೊತೆಗೆ ಯಂತ್ರ ಕೊಂಡು ಕೂರಿಸಿದರೆ ಕರ್ತವ್ಯ ತೀರಿತೆಂಬ ಭಾವನೆಯೂ ಬೆಳೆದಿದೆ. ಬೆಳಗ್ಗೆ ಹತ್ತಕ್ಕೆ ಕೋಣೆ ತಣಿಯುತ್ತದೆ, ಸಂಜೆ ಐದಕ್ಕೆ ಯಂತ್ರ ನಿಲ್ಲುತ್ತದೆ, ರಾತ್ರಿ ಹೊರಗಿನ ಹಸಿ ಗಾಳಿ ಸಂದುಗಳಿಂದ ನುಗ್ಗಿ ತಣ್ಣನೆಯ ಲೋಹದ ಕಪಾಟುಗಳ ಮೇಲೆ ಇಬ್ಬನಿಯಾಗುತ್ತದೆ. ವರ್ಷಕ್ಕೊಮ್ಮೆ ಆಗುತ್ತಿದ್ದ ಏರಿಳಿತವನ್ನು ಓಲೆ ಈಗ ದಿನಕ್ಕೊಮ್ಮೆ ಅನುಭವಿಸುತ್ತದೆ. ಹಗಲಿರುಳೂ ನಡೆಸಲು ಶಕ್ತಿಯಿಲ್ಲದ ಸಂಸ್ಥೆ ಅಂಥ ಯಂತ್ರವನ್ನು ಅಳವಡಿಸದಿರುವುದೇ ಲೇಸು. ಅದರ ಬದಲು ತೇವವನ್ನು ಮಾತ್ರ ತೆಗೆಯುವ ಸಣ್ಣ ಉಪಕರಣವೊಂದು, ಭದ್ರವಾಗಿ ಮುಚ್ಚುವ ಮರದ ಪೆಟ್ಟಿಗೆಗಳು, ಗೋಡೆಗೊಂದು ಆರ್ದ್ರತಾಮಾಪಕ ಇದ್ದರೆ ಬಹುಮಟ್ಟಿಗೆ ಸಾಕು.

ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಡುವುದಾದರೆ ಒಂದು ಎಚ್ಚರ ಅಗತ್ಯ. ಒಲೆಯಿಂದ ಆಗತಾನೇ ತೆಗೆದ, ಪೂರ್ತಿ ಒಣಗಿದ ಜೆಲ್ ಪೆಟ್ಟಿಗೆಯ ಗಾಳಿಯನ್ನು ಓಲೆ ಬಿರಿಯುವಷ್ಟು ಒಣಗಿಸಿಬಿಡುತ್ತದೆ. ಮೊದಲು ಅದನ್ನು ಶೇಕಡ ೫೦-೫೫ ಆರ್ದ್ರತೆಯ ಗಾಳಿಯಲ್ಲಿ, ತೂಕ ಏರುವುದು ನಿಲ್ಲುವವರೆಗೆ ಹರಡಿಟ್ಟು ಹದಗೊಳಿಸಬೇಕು. ಹಾಗೆ ಹದಗೊಂಡ ಜೆಲ್ ಗಾಳಿ ಹಸಿಯಾದಾಗ ಹೀರುತ್ತದೆ, ಒಣಗಿದಾಗ ಬಿಟ್ಟುಕೊಡುತ್ತದೆ; ಕೋಲಾರದ ಚೈತ್ರ ವೈಶಾಖಗಳಿಗೂ ಮೂಡುಬಿದಿರೆಯ ಆಷಾಢಕ್ಕೂ ಸಮನಾಗಿ ಸಲ್ಲುತ್ತದೆ. ವಸ್ತುಸಂಗ್ರಹಾಲಯಗಳ ಲೆಕ್ಕದಂತೆ ಒಂದು ಘನ ಮೀಟರು ಅವಕಾಶಕ್ಕೆ ೨೦ ಕಿಲೋ ಜೆಲ್ ಬೇಕು. ಅರವತ್ತು ಸೆಂಟಿಮೀಟರು ಉದ್ದ, ನಲವತ್ತು ಅಗಲ, ಇಪ್ಪತ್ತೈದು ಎತ್ತರದ ಪೆಟ್ಟಿಗೆಗೆ ಒಂದು ಕಿಲೋ ಇನ್ನೂರು ಗ್ರಾಂ ಆಯಿತು. ಅದನ್ನು ತೆಳು ಬಟ್ಟೆಯ ಚೀಲದಲ್ಲಿ ಕಟ್ಟಿ, ಓಲೆಗಳಿಗೆ ತಾಗದಂತೆ ಪೆಟ್ಟಿಗೆಯ ತಳದಲ್ಲಿ ಹಲಗೆಯ ಕೆಳಗೆ ಇಡಬೇಕು. ಬಣ್ಣ ಬದಲಾಯಿಸುವ ನೀಲಿ ಹರಳುಗಳಲ್ಲಿ ಕೋಬಾಲ್ಟಿನ ವಿಷವಿರುವುದರಿಂದ ಅವನ್ನು ಬಿಟ್ಟು ಬಣ್ಣವಿಲ್ಲದ ಬಿಳಿಯ ಜೆಲ್ಲನ್ನೇ ಬಳಸುವುದು ಒಳ್ಳೆಯದು. ಆಗ ಹದ ತಪ್ಪಿದ್ದು ಕಣ್ಣಿಗೆ ಕಾಣುವುದಿಲ್ಲವಾಗಿ, ಶ್ರುತಪಂಚಮಿಗೆ ಕಟ್ಟುಗಳನ್ನು ಹೊರತೆಗೆಯುವಾಗ ಚೀಲವನ್ನೂ ತೂಗಿ ನೋಡಿ, ಹಿಂದಿನ ವರ್ಷದ ತೂಕದೊಡನೆ ಪೆಟ್ಟಿಗೆಯ ಮುಚ್ಚಳದ ಒಳಗಡೆ ಬರೆದಿಡತಕ್ಕದ್ದು.